ಗಾಳಿಯಲ್ಲಿ ಅಂಗಡಿ: ಸಾರ್ವಜನಿಕ ವೈ-ಫೈ ವ್ಯಾಪಾರದ ಕಥೆ



ರೈಲು ನಿಲ್ದಾಣದಲ್ಲೋ ಕಾಫಿ ಅಂಗಡಿಯಲ್ಲೋ ಕುಳಿತಾಗ ನಿಮ್ಮ ಫೋನಿನ ಮೇಲೆ ಅಪರಿಚಿತ ವೈ-ಫೈ ಹೆಸರೊಂದು ಮೂಡುವುದನ್ನು ನೋಡಿರುತ್ತೀರಿ. ಅದನ್ನು ಯಾರೋ ಹಾಕಿಸಿದ್ದಾರೆ, ತಿಂಗಳು ತಿಂಗಳು ಅದರ ಬಿಲ್ಲು ಕಟ್ಟುತ್ತಿದ್ದಾರೆ. ಯಾರು? ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಅಮೆರಿಕದ ದೊಡ್ಡ ದೊಡ್ಡ ಕಂಪನಿಗಳೇ ಕೈ ಸುಟ್ಟುಕೊಂಡಿವೆ. ಈಗ ಅದೇ ಪ್ರಶ್ನೆ ನಮ್ಮೂರಿನ ಜೆರಾಕ್ಸ್ ಅಂಗಡಿಯವರ ಮುಂದೆಯೂ ಬಂದು ನಿಂತಿದೆ.

ಮೊದಲು ಸ್ವಲ್ಪ ವಿಜ್ಞಾನ. ರೇಡಿಯೋ ತರಂಗಗಳನ್ನು ಬಳಸಲು ಸಾಮಾನ್ಯವಾಗಿ ಸರ್ಕಾರದ ಪರವಾನಗಿ ಬೇಕು. ಆಕಾಶವಾಣಿಗೂ ಬೇಕು, ದೂರದರ್ಶನಕ್ಕೂ ಬೇಕು, ಮೊಬೈಲ್ ಕಂಪನಿಗಳಂತೂ ಹರಾಜಿನಲ್ಲಿ ಸಾವಿರಾರು ಕೋಟಿ ಸುರಿಯುತ್ತವೆ. ಆದರೆ 1985ರಲ್ಲಿ ಅಮೆರಿಕದ ದೂರಸಂಪರ್ಕ ಆಯೋಗ ಒಂದು ವಿಚಿತ್ರ ತೀರ್ಮಾನ ಕೈಗೊಂಡಿತು. ಮೈಕ್ರೋವೇವ್ ಒಲೆಯಂಥ ಉಪಕರಣಗಳಿಗೆಂದು ಬಿಟ್ಟಿದ್ದ ಕೆಲವು ಕಂಪನಾಂಕಗಳಲ್ಲಿ, ಶಕ್ತಿ ಮಿತಿಯೊಳಗಿದ್ದರೆ ಯಾರು ಬೇಕಾದರೂ ಪರವಾನಗಿ ಇಲ್ಲದೆ ಸಂಪರ್ಕ ಸಾಧಿಸಬಹುದು ಎಂದಿತು. ಅವುಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯೂ ಒಂದು; ಅದರ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. 1997ರಲ್ಲಿ ಇದಕ್ಕೊಂದು ಅಂತಾರಾಷ್ಟ್ರೀಯ ಮಾನದಂಡ ಬಂತು, 1999ರಲ್ಲಿ ಅದರ ವೇಗ ಸೆಕೆಂಡಿಗೆ 11 ಮೆಗಾಬಿಟ್‌ಗೆ ಏರಿತು. ಅದೇ ವರ್ಷ ಆ್ಯಪಲ್ ಕಂಪನಿ ತನ್ನ ಲ್ಯಾಪ್‌ಟಾಪಿಗೆ ಈ ಸೌಲಭ್ಯ ಒದಗಿಸಿತು. ಭಾರತದಲ್ಲಿ ಈ ಪಟ್ಟಿಗೆ ಪರವಾನಗಿಯ ವಿನಾಯಿತಿ ದೊರೆತದ್ದು 2005ರಲ್ಲಿ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಶಕ್ತಿಗೆ ಮಿತಿ ಇರುವುದರಿಂದ ವೈ-ಫೈ ಅಲೆ ಕೆಲವು ಹತ್ತು ಮೀಟರ್ ಹೋಗುವಷ್ಟರಲ್ಲಿ ಸೊರಗುತ್ತದೆ. ಹಾಗಾಗಿ ಇದು ಊರಿಗೆಲ್ಲ ಕೇಳುವ ದೇವಸ್ಥಾನದ ಗಂಟೆಯಲ್ಲ, ಬೀದಿ ಬದಿಯ ಅಂಗಡಿ. ಮತ್ತೆ, ಗಾಳಿಗೆ ಬಾಡಿಗೆ ಇಲ್ಲ ಎಂದರೆ ನನಗೆ ಹೇಗೋ ಪಕ್ಕದವನಿಗೂ ಹಾಗೇ. ನಾನು ಹತ್ತು ರೂಪಾಯಿಗೆ ಮಾರುವುದನ್ನು ಅವನು ಪುಕ್ಕಟೆ ಕೊಟ್ಟರೆ ತಡೆಯುವವರು ಯಾರು? ಈ ವ್ಯಾಪಾರದ ಇತಿಹಾಸವೆಲ್ಲ ಈ ಎರಡು ಮಾತುಗಳಿಂದಲೇ ಹುಟ್ಟಿದೆ ಎಂಬುದು ನನ್ನ ಅಭಿಪ್ರಾಯ.

2001ರ ಆರಂಭದಲ್ಲಿ ಮೊಬೈಲ್‌ಸ್ಟಾರ್ ಎಂಬ ಅಮೆರಿಕದ ಕಂಪನಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳಲ್ಲಿ ವೈ-ಫೈ ಹಾಕಿಸುವ ಒಪ್ಪಂದ ಮಾಡಿಕೊಂಡಿತು. ಕಲ್ಪನೆ ಸೊಗಸಾಗಿತ್ತು: ಗಿರಾಕಿ ಕಾಫಿ ಹೀರುತ್ತ ಕೆಲಸ ಮಾಡುತ್ತಾನೆ, ಹಣ ಕೊಡುತ್ತಾನೆ. ಆದರೆ ಒಂದೊಂದು ಅಂಗಡಿಗೂ ಟೆಲಿಫೋನ್ ಕಂಪನಿಯಿಂದ ಸೆಕೆಂಡಿಗೆ 1.5 ಮೆಗಾಬಿಟ್‌ನ ದುಬಾರಿ ಬಾಡಿಗೆ ಲೈನು ಎಳೆಸಬೇಕಿತ್ತು. ಗಿರಾಕಿ ಬಂದರೂ ಬಾರದಿದ್ದರೂ ಬಾಡಿಗೆ ತಪ್ಪುವುದಿಲ್ಲ. ಅಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ವೈ-ಫೈ ಇರಲೇ ಇಲ್ಲ. ಅದೇ ಅಕ್ಟೋಬರಿನಲ್ಲಿ ಮೊಬೈಲ್‌ಸ್ಟಾರ್ ನೌಕರರನ್ನು ಮನೆಗೆ ಕಳುಹಿಸಿತು. ಅದರ ಆಸ್ತಿಯನ್ನು ಕೊಂಡ ಕಂಪನಿ ಮುಂದೆ ಟಿ-ಮೊಬೈಲ್ ಎಂದಾಯಿತು. 2002ರ ಆಗಸ್ಟ್ ಹೊತ್ತಿಗೆ ಸುಮಾರು 1,200 ಸ್ಟಾರ್‌ಬಕ್ಸ್ ಅಂಗಡಿಗಳಲ್ಲಿ ಅದರ ಸೇವೆ ಇತ್ತು.

ದೊಡ್ಡವರು ಸುಮ್ಮನಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಇಂಟೆಲ್, ಐಬಿಎಂ, ಎಟಿ ಅಂಡ್ ಟಿ ಸೇರಿ ಕೊಮೆಟಾ ಎಂಬ ಕಂಪನಿ ಹುಟ್ಟುಹಾಕಿದವು. ಗುರಿ 20,000 ಹಾಟ್‌ಸ್ಪಾಟುಗಳು. ಜನರಿಗೆ ನೇರವಾಗಿ ಮಾರುವುದಿಲ್ಲ, ಫೋನ್ ಕಂಪನಿಗಳಿಗೆ ಸಗಟಾಗಿ ಮಾರುತ್ತೇವೆ ಎಂಬುದು ಅದರ ಲೆಕ್ಕ. ಮರುವರ್ಷ ಇಂಟೆಲ್ ವೈ-ಫೈ ಸಹಿತ ಸೆಂಟ್ರಿನೋ ಲ್ಯಾಪ್‌ಟಾಪುಗಳಿಗೆ ಭಾರಿ ಪ್ರಚಾರ ಕೊಟ್ಟಿತು. ಆದರೂ 2004ರ ಮೇ ತಿಂಗಳಲ್ಲಿ ಕೊಮೆಟಾ ಬಾಗಿಲು ಮುಚ್ಚಿತು. ಹಾಕಿಸಿದ್ದ ಹಾಟ್‌ಸ್ಪಾಟುಗಳು ಗುರಿಯ ಹತ್ತಿರಕ್ಕೂ ಸುಳಿದಿರಲಿಲ್ಲ. ಮಾರುವ ಸರಕು ಸಿದ್ಧವಿತ್ತು, ಸಗಟು ಕೊಳ್ಳುವವರು ಇರಲಿಲ್ಲ.

ಉಳಿದವರು ಯಾರು? ಟೆಕ್ಸಾಸಿನ ವೇಪೋರ್ಟ್. ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹಗಳ ಗುತ್ತಿಗೆ ಹಿಡಿದ ಈ ಕಂಪನಿ, ಒಬ್ಬೊಬ್ಬ ಗಿರಾಕಿಯ ನಿಮಿಷ ಎಣಿಸುವುದನ್ನು ಬಿಟ್ಟು, ಒಂದು ಸ್ಥಳಕ್ಕೆ ತಿಂಗಳಿಗೆ ಇಷ್ಟು ಎಂದು ದೂರಸಂಪರ್ಕ ಕಂಪನಿಗಳಿಂದ ನಿಗದಿತ ಶುಲ್ಕ ಪಡೆಯುವ ಪದ್ಧತಿ ತಂದಿತು. 2008ರಲ್ಲಿ ಎಟಿ ಅಂಡ್ ಟಿ ಅದನ್ನು 27.5 ಕೋಟಿ ಡಾಲರಿಗೆ ಕೊಂಡಿತು. ಐಫೋನ್ ಬಂದು ಮೊಬೈಲ್ ಜಾಲ ತುಂಬಿ ತುಳುಕತೊಡಗಿದ ದಿನಗಳವು. ಆ ದಟ್ಟಣೆಯನ್ನು ವೈ-ಫೈಗೆ ತಿರುಗಿಸಿದರೆ ಫೋನ್ ಕಂಪನಿಗೇ ಉಳಿತಾಯ. 2010ರಲ್ಲಿ ಅಮೆರಿಕದ ಮೆಕ್‌ಡೊನಾಲ್ಡ್ಸ್ ಮತ್ತು ಸ್ಟಾರ್‌ಬಕ್ಸ್ ಎರಡೂ ವೈ-ಫೈಯನ್ನು ಉಚಿತವಾಗಿಸಿದವು. ಹೋಟೆಲಿನಲ್ಲಿ ಫ್ಯಾನಿಗೆ ಬೇರೆ ಬಿಲ್ಲು ಹಾಕುತ್ತಾರೆಯೇ? ವೈ-ಫೈ ಸರಕಾಗಿದ್ದದ್ದು ಫ್ಯಾನಾಯಿತು. (ನಮ್ಮ ದೂರದರ್ಶನದವರಿಗೆ ಇದು ಹಳೆಯ ಪಾಠ. ಕಾರ್ಯಕ್ರಮ ನೋಡುವವರು ಒಬ್ಬರು, ಜಾಹೀರಾತಿಗೆ ಹಣ ಕೊಡುವವರು ಇನ್ನೊಬ್ಬರು.)

ಇನ್ನು ನಮ್ಮ ಕಡೆಗೆ ಬರೋಣ. ಕಾಫಿಗೂ ಅಂತರ್ಜಾಲಕ್ಕೂ ಗಂಟು ಹಾಕಿದ್ದರಲ್ಲಿ ಬೆಂಗಳೂರು ಹಿಂದೆ ಬಿದ್ದಿರಲಿಲ್ಲ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಆರಂಭವಾದ ಮೊದಲ ಕೆಫೆ ಕಾಫಿ ಡೇ ಒಂದು ಸೈಬರ್ ಕೆಫೆಯೇ ಆಗಿತ್ತು. 2014ರ ಜನವರಿಯಲ್ಲಿ ಮಹಾತ್ಮ ಗಾಂಧಿ ರಸ್ತೆ ಮುಂತಾದ ಕಡೆ 'ನಮ್ಮ ವೈ-ಫೈ' ಬಂತು. ನಿಜವಾದ ದೊಡ್ಡ ಪ್ರಯೋಗ ನಡೆದದ್ದು ರೈಲು ನಿಲ್ದಾಣಗಳಲ್ಲಿ. ಹಳಿಗಳ ಪಕ್ಕದಲ್ಲೇ ರೈಲ್‌ಟೆಲ್ ಸಂಸ್ಥೆಯ ಫೈಬರ್ ಕೇಬಲ್ ಇತ್ತು. ಗೂಗಲ್ ಕೈಜೋಡಿಸಿ, 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭಿಸಿ, 2018ರ ಜೂನ್ ವೇಳೆಗೆ 400 ನಿಲ್ದಾಣ ಮುಟ್ಟಿತು. ಆದರೆ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮೊಬೈಲ್ ಡೇಟಾದ ಬೆಲೆ ಕುಸಿದಿತ್ತು. 2020ರ ಫೆಬ್ರವರಿಯಲ್ಲಿ ಗೂಗಲ್ ಹಿಂದೆ ಸರಿಯಿತು. ಐದು ವರ್ಷಗಳಲ್ಲಿ ಡೇಟಾ ದರ 95 ಶೇಕಡಾ ಇಳಿದಿದೆ ಎಂಬುದೇ ಅದು ಕೊಟ್ಟ ಕಾರಣ. ರೈಲ್‌ಟೆಲ್ ಮಾತ್ರ ಸೇವೆ ನಿಲ್ಲಿಸಲಿಲ್ಲ. 2021ರಲ್ಲಿ, ಮೊದಲ 30 ನಿಮಿಷ ಉಚಿತ, ಆಮೇಲೆ 10 ರೂಪಾಯಿಯಿಂದ ಆರಂಭವಾಗುವ ಪ್ಯಾಕ್ ಎಂಬ ಏರ್ಪಾಡು ಮಾಡಿತು.

2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ 'ವಾಣಿ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಿಮ್ಮ ತಂದೆ ತಾಯಿಯರನ್ನು ಕೇಳಿ, ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಕಥೆ ಹೇಳುತ್ತಾರೆ. ಆ ಬೂತಿನ ಮಾದರಿಯಲ್ಲೇ ಕಿರಾಣಿ ಅಂಗಡಿಯವರು ಪರವಾನಗಿ ಶುಲ್ಕವಿಲ್ಲದೆ ವೈ-ಫೈ ಮಾರಬಹುದು. ಆದರೆ ಎಸ್‌ಟಿಡಿ ಬೂತು ನಡೆದದ್ದು ಮನೆಯಲ್ಲಿ ಫೋನ್ ಇಲ್ಲದ ಕಾಲದಲ್ಲಿ. ಇಂದು ಗಿರಾಕಿಯ ಜೇಬಿನಲ್ಲೇ ಡೇಟಾ ಇದೆ. 2018ರ ರಾಷ್ಟ್ರೀಯ ನೀತಿ 2022ರೊಳಗೆ ಒಂದು ಕೋಟಿ ಹಾಟ್‌ಸ್ಪಾಟುಗಳ ಗುರಿ ಇಟ್ಟಿತ್ತು. ದೇಶ ಅದರಿಂದ ಬಹುದೂರ ಉಳಿಯಿತು.

ಕಾರಣಗಳಲ್ಲಿ ಒಂದು ಹಳೆಯದೇ, ಲೈನಿನ ಬಾಡಿಗೆ. ಸಣ್ಣ ಅಂಗಡಿಗೂ ದೊಡ್ಡ ಕಚೇರಿಗಳ ದುಬಾರಿ ಬಾಡಿಗೆ ಲೈನೇ ಬೇಕೆಂದು ಕಂಪನಿಗಳು ಪಟ್ಟು ಹಿಡಿದರೆ ಲೆಕ್ಕ ಮೊದಲ ದಿನವೇ ತಪ್ಪುತ್ತದೆ. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಇದಕ್ಕೆ ಕಡಿವಾಣ ಹಾಕಿ, ಇಂಥ ಅಂಗಡಿಗಳಿಗೆ 200 ಮೆಗಾಬಿಟ್‌ವರೆಗಿನ ಫೈಬರ್ ಸಂಪರ್ಕವನ್ನು ಮನೆಯ ದರದ ಎರಡರಷ್ಟಕ್ಕಿಂತ ಹೆಚ್ಚಿಗೆ ಮಾರಬಾರದು ಎಂದಿತು. ನೀವೇ ಲೆಕ್ಕ ಹಾಕಿ. ಉದಾಹರಣೆಗೆ ಮನೆಯ ದರ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಅಂಗಡಿಗೆ ಹೆಚ್ಚೆಂದರೆ 1,600. ಐದು ರೂಪಾಯಿಯ ಪ್ಯಾಕ್ ಮಾರಿದರೆ ತಿಂಗಳಿಗೆ 320, ದಿನಕ್ಕೆ ಸುಮಾರು 11 ಗಿರಾಕಿಗಳು ಬೇಕು. ಅದೂ ಅಸಲು ಹುಟ್ಟಲು ಮಾತ್ರ. ವಿದ್ಯುತ್ತು, ಉಪಕರಣ, ನಡುವಿನ ಸಂಸ್ಥೆಯ ಪಾಲು ಬೇರೆ.

ಆ 11 ಜನ ಎಲ್ಲಿದ್ದಾರೆ? ಮಹಾತ್ಮ ಗಾಂಧಿ ರಸ್ತೆಯಲ್ಲಿ ಇರಲಾರರು. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ತರಗತಿಗಾಗಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ನಿಮಗೆ ನೆನಪಿರಬಹುದು. ನಿಮ್ಮಲ್ಲೇ ಕೆಲವರು ಹತ್ತಿರಬಹುದು. ಅಂಥ ಊರಿನ ಪಂಚಾಯಿತಿ ಕಟ್ಟಡದವರೆಗೆ ಫೈಬರ್ ಬಂದಿದ್ದರೆ ಪಕ್ಕದ ಅಂಗಡಿಗೆ ಗಿರಾಕಿಗಳು ಸಿಗುತ್ತಾರೆ. ಅಲ್ಲಿ ಅಂಗಡಿಯವರು ಮೊದಲು ವಿಚಾರಿಸಬೇಕಾದದ್ದು ದರವನ್ನಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿದರೆ ಎಷ್ಟು ದಿನಕ್ಕೆ ಬಂದು ಸರಿಮಾಡಿ ಕೊಡುತ್ತೀರಿ ಎಂಬುದನ್ನು.