ಕೊನೆಗೆ ಮಾತಾಡಬೇಕಾದವನು

ನಮ್ಮ ಧಾರವಾಡದ ಸಭೆಗಳಿಗೆ ಒಂದು ಹಳೆಯ ಕಟ್ಟಳೆಯಿದೆ. ಅಧ್ಯಕ್ಷನಾದವನು ಎಲ್ಲರಿಗಿಂತ ಕೊನೆಗೆ ಮಾತಾಡತಕ್ಕದ್ದು. ಅದೂ ಗಡಿಯಾರದ ಕಡೆಗೆ ಒಂದು ಕಣ್ಣಿಟ್ಟುಕೊಂಡು. ಉಪನ್ಯಾಸಕರು ಎಷ್ಟೇ ದಾರಿ ತಪ್ಪಿದರೂ ನಡುವೆ ಬಾಯಿ ಹಾಕುವಂತಿಲ್ಲ. ಕರ್ನಾಟಕ ವಿದ್ಯಾವರ್ಧಕ ಸಂಘವು 1890ರಲ್ಲಿ ಸ್ಥಾಪನೆಯಾದ ಮೇಲೆ ಈ ಊರಿನಲ್ಲಿ ನಡೆದ ಸಭೆಗಳಿಗೆ ಲೆಕ್ಕವಿಲ್ಲ. ಕಟ್ಟಳೆಯನ್ನು ಮುರಿದ ಅಧ್ಯಕ್ಷರೂ ಇದ್ದರೆನ್ನಿ. ಅಂಥವರು ಉಪನ್ಯಾಸಕರಿಗಿಂತ ಉದ್ದ ಮಾತಾಡತೊಡಗಿದರೆ ಹಿಂದಿನ ಸಾಲಿನವರಿಗೆಲ್ಲ ಒಮ್ಮೆಗೇ ಕೆಮ್ಮು ಬರುತ್ತಿತ್ತು. ಧಾರವಾಡದ ಸಭಿಕರ ಕೆಮ್ಮಿನ ಅರ್ಥ ಬಲ್ಲವರು ಬಲ್ಲರು.

ಇಂದು ರಾತ್ರಿ ಒಂಬತ್ತರ ಹೊತ್ತಿಗೆ ವಾರ್ತಾವಾಹಿನಿಯೊಂದನ್ನು ಹಾಕಿಕೊಂಡು ಕುಳಿತರೆ ಈ ಕಟ್ಟಳೆಯು ತಲೆಕೆಳಗಾದದ್ದು ಕಾಣುತ್ತದೆ. ಅಲ್ಲಿ ನಿರೂಪಕನೆಂಬುವನೇ ಮೊದಲು ಮಾತಾಡುತ್ತಾನೆ, ನಡುವೆಯೂ ಮಾತಾಡುತ್ತಾನೆ, ಕೊನೆಗೂ ಮಾತಾಡುತ್ತಾನೆ. ಕರೆದು ತಂದ ಅತಿಥಿಗೆ ಪ್ರಶ್ನೆ ಕೇಳಿ, ಉತ್ತರದ ಮೊದಲ ಪದಕ್ಕೇ ತಡೆದು, ತಾನೇ ಉತ್ತರ ಹೇಳಿ, ಆ ಉತ್ತರಕ್ಕೆ ಅತಿಥಿಯನ್ನೇ ಗದರಿಸುತ್ತಾನೆ. ಒಬ್ಬರಿಗೆ ‘ಸಾಕ್ಷ್ಯ ಎಲ್ಲಿ?’ ಎಂದು ಕೇಳಿದವನು ಇನ್ನೊಬ್ಬರ ಮಾತಿಗೆ ಸಾಕ್ಷ್ಯವನ್ನೇ ಬೇಡದೆ ತಲೆದೂಗುತ್ತಾನೆ. ಇದು ನಮ್ಮ ಕಾಲದ ಹೊಸ ರೋಗವೆಂದು ಹಲವರು ನಂಬಿದ್ದಾರೆ. ಇತಿಹಾಸವನ್ನು ತಿರುವಿ ನೋಡಿದರೆ ರೋಗ ಹಳೆಯದು.

ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಆಗಿನ ಪದ್ಧತಿಯೇ ಬೇರೆ. ಭಾಷಣಕಾರನು ತನ್ನ ಮಾತನ್ನು ಮೊದಲೇ ಬರೆದು ಕೊಡಬೇಕು. ಅಧಿಕಾರಿಗಳು ಅದನ್ನು ಓದಬೇಕು. ಆ ಮೇಲೆ ಹತ್ತೋ ಹದಿನೈದೋ ನಿಮಿಷಗಳಲ್ಲಿ, ಕಾಗದ ಸಪ್ಪಳವಾಗದಂತೆ, ಓದಿ ಮುಗಿಸಬೇಕು. ರಾಜಕೀಯ ಪಕ್ಷಗಳ ಹೆಸರೆತ್ತಿ ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಅಲ್ಲಿ ಎಡೆಯಿರಲಿಲ್ಲ. ಈ ಶಿಸ್ತಿನಿಂದ ಒಳ್ಳೆಯ ಗದ್ಯ ಬೆಳೆಯಿತೆಂಬುದು ನಿಜ. ಆದರೆ ಹಳೆಯದನ್ನೆಲ್ಲ ಹೊನ್ನೆಂದು ಹೇಳುವವರ ಸಾಲಿಗೆ ನಾನು ಸೇರಲಾರೆ. ಅದೇ ಆಕಾಶವಾಣಿಯು 1975ರ ಜೂನ್ ತಿಂಗಳಿನಿಂದ ತುರ್ತು ಪರಿಸ್ಥಿತಿಯ ಅವಧಿಯಲ್ಲಿ ಸರಕಾರದ ತುತ್ತೂರಿಯಾಯಿತು. ಬರೆದು ಕೊಟ್ಟದ್ದನ್ನೇ ಓದುವ ಅಭ್ಯಾಸವಿದ್ದ ಕಂಠಕ್ಕೆ ಬರೆದು ಕೊಡುವ ಕೈ ಯಾರದೆಂಬುದು ಮುಖ್ಯವಾಗಲಿಲ್ಲ. ಆದ್ದರಿಂದ ಇಂದಿನ ಕೂಗಾಟಕ್ಕೆ ಅಂದಿನ ಮೌನವೇ ಮದ್ದೆಂದು ಯಾರೂ ತಿಳಿಯಬಾರದು.

ರೇಡಿಯೋ ಸರಕಾರದ ಕೈಯಲ್ಲಿರದೆ ವ್ಯಾಪಾರಿಗಳ ಕೈಯಲ್ಲಿದ್ದ ದೇಶವೊಂದರಲ್ಲಿ ಏನಾಯಿತೆಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಮೆರಿಕದ ಮಿಶಿಗನ್ ಸಂಸ್ಥಾನದಲ್ಲಿ ಚಾರ್ಲ್ಸ್ ಕಾಗ್ಲಿನ್ ಎಂಬ ಪಾದ್ರಿಯಿದ್ದನು. 1926ರಲ್ಲಿ ಡೆಟ್ರಾಯಿಟಿನ ಕೇಂದ್ರವೊಂದರಿಂದ ಮಕ್ಕಳಿಗೆ ಧರ್ಮಬೋಧೆ ಮಾಡುತ್ತ ಆರಂಭಿಸಿದವನು ನಾಲ್ಕಾರು ವರ್ಷಗಳಲ್ಲಿ ರಾಜಕೀಯಕ್ಕೆ ಹೊರಳಿದನು. ಕೋಟಿಗಟ್ಟಲೆ ಜನ ಭಾನುವಾರ ಮಧ್ಯಾಹ್ನ ಅವನ ಮಾತು ಕೇಳಲು ಕೂಡುತ್ತಿದ್ದರು. 1932ರ ಚುನಾವಣೆಯಲ್ಲಿ, ರೂಸವೆಲ್ಟರು ಬರದಿದ್ದರೆ ದೇಶ ಹಾಳಾಯಿತೆಂದು ಸಾರಿದವನು ಇವನೇ. 1936ರ ಜುಲೈಯಲ್ಲಿ ಕ್ಲೀವ್‌ಲ್ಯಾಂಡಿನ ಸಭೆಯಲ್ಲಿ ಮೇಲಂಗಿಯನ್ನೂ ಪಾದ್ರಿಯ ಕೊರಳಪಟ್ಟಿಯನ್ನೂ ಕಿತ್ತೆಸೆದು, ಅದೇ ರೂಸವೆಲ್ಟರು ದ್ರೋಹಿ, ಸುಳ್ಳುಗಾರ ಎಂದು ಅರಚಿದವನೂ ಇವನೇ.

ಅಭಿಪ್ರಾಯ ಬದಲಾಗುವುದು ಪಾಪವಲ್ಲ. ವಿಚಾರ ಮಾಡುವವರ ಅಭಿಪ್ರಾಯ ಬದಲಾಗಿಯೇ ಆಗುತ್ತದೆ. ಕಾಗ್ಲಿನ್ನನ ತಪ್ಪು ಬೇರೆ ಜಾತಿಯದು. ಬೆಳ್ಳಿಯ ಬೆಲೆ ಏರಿಸಿ ನಾಣ್ಯಪದ್ಧತಿಯನ್ನು ಬದಲಿಸಬೇಕು, ಅದರಿಂದ ಬಡವರ ಉದ್ಧಾರ ಎಂದು ಅವನು ವಾರವಾರವೂ ಬೋಧಿಸುತ್ತಿದ್ದನು. 1934ರಲ್ಲಿ ಅಮೆರಿಕದ ಖಜಾನೆಯು ಬೆಳ್ಳಿ ಸಂಗ್ರಹಿಸಿದವರ ಪಟ್ಟಿಯನ್ನು ಪ್ರಕಟಿಸಿದಾಗ, ಅವನ ಕಾರ್ಯದರ್ಶಿನಿಯ ಹೆಸರಿನಲ್ಲಿ ಐದು ಲಕ್ಷ ಔನ್ಸುಗಳ ಬೆಳ್ಳಿಯ ಕರಾರು ಇದ್ದದ್ದು ಹೊರಬಿತ್ತು. 1936ರಲ್ಲಿ ತನ್ನ ಅಭ್ಯರ್ಥಿ ಲೆಮ್ಕೆಗೆ 90 ಲಕ್ಷ ಮತಗಳು ಬೀಳದಿದ್ದರೆ ರೇಡಿಯೋ ಬಿಡುತ್ತೇನೆಂದನು. ಬಿದ್ದವು 9 ಲಕ್ಷಕ್ಕೂ ಕಡಿಮೆ. ವಿದಾಯ ಹೇಳಿ ಹೋದವನು 1937ರ ಜನವರಿಯಲ್ಲಿ ಮತ್ತೆ ಧ್ವನಿವರ್ಧಕದ ಮುಂದೆ ಕುಳಿತಿದ್ದನು. ಕೊನೆಕೊನೆಗೆ ಅವನ ನಾಲಿಗೆಗೆ ಸಿಕ್ಕವರು ಯಹೂದಿಗಳು. ಜರ್ಮನಿಯಲ್ಲಿ ಅವರ ಅಂಗಡಿ, ಮಂದಿರಗಳನ್ನು ಸುಟ್ಟ 1938ರ ನವೆಂಬರಿನಲ್ಲಿಯೇ ಸುಟ್ಟವರ ಪರವಾಗಿ ಸಮಜಾಯಿಷಿ ಹೇಳಿದನು. ನ್ಯೂಯಾರ್ಕಿನ ಕೇಂದ್ರವೊಂದು ಆಗ ಅವನನ್ನು ಕೈಬಿಟ್ಟಿತು. ಮರುವರ್ಷ ಪ್ರಸಾರಕರ ಸಂಘವೇ ನಿಯಮಾವಳಿ ಮಾಡಿಕೊಂಡು, ವಿವಾದದ ವಿಷಯಗಳಿಗೆ ಹೊತ್ತನ್ನು ದುಡ್ಡಿಗೆ ಮಾರುವುದನ್ನು ಕಟ್ಟುಮಾಡಿತು. 1940ರ ಹೊತ್ತಿಗೆ ಅವನ ದನಿ ಅಡಗಿತು. ಪ್ರತಿಯೊಂದು ಮಾತಿಗೂ ಎದುರುಮಾತಿಲ್ಲದ ಹದಿನಾಲ್ಕು ವರ್ಷಗಳವು.

ನಮ್ಮಲ್ಲಿ ಮಾತಿಗೆ ಎದುರುಮಾತು ಸಿಕ್ಕ ಪ್ರಸಂಗವೊಂದು ಹುಬ್ಬಳ್ಳಿಯದೇ ಇದೆ. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕೂತಿದ್ದರು. ಏಕೀಕರಣಕ್ಕೆ ಬಾಯಿಯಲ್ಲಿ ಒಪ್ಪಿ ಕೈಯಲ್ಲಿ ಏನೂ ಮಾಡದ ಕಾಂಗ್ರೆಸ್ ಮುಖಂಡರನ್ನು ಆ ಏಪ್ರಿಲಿನಲ್ಲಿ ಹುಬ್ಬಳ್ಳಿಯ ಜನ ಎದುರಿಗೇ ನಿಂತು ಕೇಳಿದರು. ಕೇಳಿದ ರೀತಿ ಸೌಮ್ಯವಾಗಿರಲಿಲ್ಲ. ಕಲ್ಲು ಬಿದ್ದವು, ದೊಂಬಿಯಾಯಿತು. ಅದನ್ನು ನಾನು ಮೆಚ್ಚುವುದಿಲ್ಲ. ಆದರೂ ಮಾತಾಡಿದವನು ಒಂದು ಕಡೆ, ಕೇಳಿದವರು ಇನ್ನೊಂದು ಊರಲ್ಲಿ ಎಂಬ ಸ್ಥಿತಿ ಆಗ ಇರಲಿಲ್ಲ. ‘ಏನ್ರೀ, ಮನ್ನೆ ಹಂಗಂದಿದ್ರಿ, ಇವತ್ತ ಹಿಂಗಂತೀರಲ್ಲ?’ ಎಂದು ಕೇಳಲು ಸಭೆಯಲ್ಲಿ ಒಬ್ಬನಾದರೂ ಇರುತ್ತಿದ್ದನು.

ಆಕಾಶದ ಅಲೆಗಳು ಸರಕಾರದ ಸ್ವತ್ತಲ್ಲ, ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಮ್ ಕೋರ್ಟು 1995ರಲ್ಲಿ ತೀರ್ಪು ಕೊಟ್ಟಿತು. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಕನ್ನಡಕ್ಕೂ ದಿನದ ಇಪ್ಪತ್ನಾಲ್ಕು ಗಂಟೆ ಮಾತಾಡುವ ವಾಹಿನಿಗಳು ಬಂದವು. ಅವುಗಳಿಂದ ಉಪಕಾರವೇ ಆಗಿಲ್ಲವೆಂದರೆ ಅನ್ಯಾಯ. ನೆರೆ ಬಂದಾಗ, ಬರ ಬಿದ್ದಾಗ ಮಂತ್ರಿಗಳನ್ನು ಹಳ್ಳಿಗೆ ಓಡಿಸಿದ ವರದಿಗಾರರನ್ನು ನಾನು ಕಂಡಿದ್ದೇನೆ. ದೋಷವಿರುವುದು ರಾತ್ರಿಯ ಆ ಕುರ್ಚಿಯಲ್ಲಿ. 2016ರ ನವೆಂಬರಿನಲ್ಲಿ ಎರಡು ಸಾವಿರ ರೂಪಾಯಿಯ ನೋಟಿನೊಳಗೆ ಸೂಕ್ಷ್ಮ ಯಂತ್ರವಿದೆ, ಹೂತಿಟ್ಟರೂ ಅದು ಸಂದೇಶ ಕಳಿಸುತ್ತದೆ ಎಂದು ಹಿಂದಿ, ಕನ್ನಡ ವಾಹಿನಿಗಳಲ್ಲಿ ಗಂಭೀರ ಮುದ್ರೆಯಿಂದ ವಿವರಿಸಲಾಯಿತು. ಅಂಥದೇನೂ ಇರಲಿಲ್ಲ. 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನೇ ಚಲಾವಣೆಯಿಂದ ಹಿಂತೆಗೆಯಿತು. ಇದು ನಕ್ಕು ಬಿಡುವ ಸಂಗತಿ. ಮುಂದಿನವು ನಗುವಂಥವಲ್ಲ.

2020ರ ಏಪ್ರಿಲಿನಲ್ಲಿ ಜಾಡ್ಯ ಹಬ್ಬಿ ಊರುಗಳೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ದಿಲ್ಲಿಯಲ್ಲಿ ಸೇರಿದ್ದ ತಬ್ಲೀಗಿಗಳೇ ದೇಶಕ್ಕೆ ಕೊರೋನಾ ಹಂಚಿದರೆಂಬ ಧಾಟಿಯ ಕಾರ್ಯಕ್ರಮಗಳು ಬಂದವು. ಬೆಂಗಳೂರಿನ ಕೆಲವು ನಾಗರಿಕರು ದೂರು ಕೊಟ್ಟರು. ವಾರ್ತಾ ಪ್ರಸಾರಕರು ತಾವೇ ಕಟ್ಟಿಕೊಂಡ, ನಿವೃತ್ತ ನ್ಯಾಯಮೂರ್ತಿ ಎ. ಕೆ. ಸಿಕ್ರಿಯವರು ಅಧ್ಯಕ್ಷರಾಗಿದ್ದ ಪ್ರಾಧಿಕಾರವು 2021ರ ಜೂನಿನಲ್ಲಿ ನ್ಯೂಸ್18 ಕನ್ನಡಕ್ಕೆ ಒಂದು ಲಕ್ಷ ರೂಪಾಯಿ, ಸುವರ್ಣ ನ್ಯೂಸಿಗೆ ಐವತ್ತು ಸಾವಿರ ರೂಪಾಯಿ ದಂಡ ಹಾಕಿತು. ನ್ಯೂಸ್18 ಕನ್ನಡವು ಕ್ಷಮೆಯನ್ನೂ ಪ್ರಸಾರ ಮಾಡಬೇಕೆಂದಿತು. ಮಾತು ಮನೆಮನೆ ತಲುಪಲು ಒಂದು ಸಂಜೆ ಸಾಕಾಗಿತ್ತು. ತೀರ್ಪಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಈ ನಡುವೆ ಹಣ್ಣು ಮಾರುವವನ ಹೆಸರು ಕೇಳಿ ಹಣ್ಣು ಕೊಳ್ಳುವ ಚಾಳಿಯನ್ನು ನಮ್ಮ ಓಣಿಗಳಲ್ಲಿಯೂ ನಾನು ನೋಡಿದೆ.

ಇನ್ನೊಂದು ಪ್ರಕರಣಕ್ಕೆ ಮೂಲ ನಮ್ಮ ನಾಡಿನದೇ. ಕಾಲೇಜುಗಳಲ್ಲಿ ಹಿಜಾಬಿನ ಕುರಿತು ಹೈಕೋರ್ಟಿನ ತೀರ್ಪು ಬಂದದ್ದು 2022ರ ಮಾರ್ಚ್ 15ರಂದು. ಏಪ್ರಿಲ್ 6ರಂದು ನ್ಯೂಸ್18 ಇಂಡಿಯಾ ಎಂಬ ಹಿಂದಿ ವಾಹಿನಿಯಲ್ಲಿ ಅಮನ್ ಚೋಪ್ರಾ ಈ ಬಗ್ಗೆ ಚರ್ಚೆ ನಡೆಸಿದರು. ಹಿಜಾಬಿನ ಪರವಾಗಿ ವಾದಿಸಿದ ಅತಿಥಿಗಳನ್ನು ಅಲ್ ಖೈದಾದ ಜವಾಹಿರಿಯ ಗುಂಪಿನವರೆಂದು ಅಲ್ಲಿ ಜರೆಯಲಾಯಿತು. ತಾವೇ ಕರೆದು ಕೂರಿಸಿದ ಅತಿಥಿಗಳು! ಪ್ರಾಧಿಕಾರವು ಆ ಅಕ್ಟೋಬರಿನಲ್ಲಿ ಐವತ್ತು ಸಾವಿರ ದಂಡ ವಿಧಿಸಿ, ಚರ್ಚೆ ನಡೆಸುವ ಬಗೆಯನ್ನು ನಿರೂಪಕರಿಗೆ ಕಲಿಸಿರೆಂದು ಹೇಳಿತು. ಸಭೆ ನಡೆಸುವುದನ್ನು ಕಲಿಸಬೇಕಾದ ಕಾಲ!

ಆ ಚರ್ಚೆಯಾದ ಹತ್ತನೆಯ ದಿನ, ಏಪ್ರಿಲ್ 16ರ ರಾತ್ರಿ, ಹಳೇ ಹುಬ್ಬಳ್ಳಿಯ ಪೊಲೀಸ್ ಠಾಣೆಯ ಮುಂದೆ ಕಲ್ಲು ತೂರಾಟವಾಯಿತು. ಅದಕ್ಕೆ ಕಿಡಿ ಯಾರೋ ಮೊಬೈಲಿನಲ್ಲಿ ಹಾಕಿದ ಚಿತ್ರ. ದಿಲ್ಲಿಯ ಚರ್ಚೆಗೂ ಇದಕ್ಕೂ ನಾನು ಗಂಟು ಹಾಕುತ್ತಿಲ್ಲ. ಆದರೆ 1994ರ ಆಗಸ್ಟ್ 15ರಂದು ಈದ್ಗಾ ಮೈದಾನದ ಧ್ವಜದ ವಿವಾದದಲ್ಲಿ ಗೋಲೀಬಾರಾಗಿ ಆರು ಜನ ಸತ್ತ ಊರು ಇದು. ಇಲ್ಲಿಯವರಿಗೆ ಮಾತಿನ ಬೆಲೆ ಗೊತ್ತಿರುತ್ತದೆ.

ಅದೇ ಮೈದಾನದ ಸಂಗತಿ 2022ರ ಆಗಸ್ಟ್ 30ರಂದು ಮತ್ತೆ ಎದ್ದಿತು. ಸುಪ್ರೀಮ್ ಕೋರ್ಟು ಬೆಂಗಳೂರಿನ ಚಾಮರಾಜಪೇಟೆಯ ಮೈದಾನದಲ್ಲಿ ಯಥಾಸ್ಥಿತಿ ಕಾಯಬೇಕೆಂದಿತು. ಅದೇ ರಾತ್ರಿ ಹೈಕೋರ್ಟು ಹುಬ್ಬಳ್ಳಿಯಲ್ಲಿ ಗಣಪತಿ ಕೂಡಿಸಲು ಅಡ್ಡಿಯಿಲ್ಲವೆಂದಿತು. ಒಂದೇ ದಿನ ಎರಡು ಆಜ್ಞೆ ಏಕೆ? ಬೆಂಗಳೂರಿನ ಜಾಗದ ಒಡೆತನವೇ ವ್ಯಾಜ್ಯದಲ್ಲಿತ್ತು. ಹುಬ್ಬಳ್ಳಿಯ ಜಾಗ ಮಹಾನಗರಪಾಲಿಕೆಯದೆಂಬುದರಲ್ಲಿ ವ್ಯಾಜ್ಯ ಉಳಿದಿರಲಿಲ್ಲ. ಎರಡು ವಾಕ್ಯದ ವಿವರಣೆ. ಆ ರಾತ್ರಿ ನಾನು ಒಂದಾದ ಮೇಲೊಂದು ನೋಡಿದ ಎರಡು ಚರ್ಚೆಗಳಲ್ಲಿ ಈ ಎರಡು ವಾಕ್ಯಗಳನ್ನು ಯಾರೂ ಆಡಲಿಲ್ಲ. ಒಬ್ಬ ನಿರೂಪಕರು ಮೊದಲರ್ಧ ಗಂಟೆ ‘ನ್ಯಾಯಾಲಯದ ಮಾತೇ ಕೊನೆ’ ಎಂದರು; ಬೆಂಗಳೂರಿನ ಆಜ್ಞೆಗೆ ಬಂದಾಗ ‘ಜನರ ಭಾವನೆಗೆ ಬೆಲೆಯಿಲ್ಲವೇ?’ ಎಂದರು. ಎದುರಿನ ಆರು ಚೌಕಗಳಲ್ಲಿ ಕುಳಿತ ಆರು ಮಂದಿಯಲ್ಲಿ ಒಬ್ಬರಿಗೂ ಅದನ್ನು ಎತ್ತಿ ತೋರಿಸಲು ಬಿಡುವಾಗಲಿಲ್ಲ.

1953ರ ಪತ್ರಿಕೆಯನ್ನು ಈಗಲೂ ಗ್ರಂಥಾಲಯದಲ್ಲಿ ತೆಗೆಸಿ, ಇಂಥ ಮುಖಂಡರು ಇಂಥ ದಿನ ಹೀಗೆಂದರು ಎಂದು ಬೆರಳಿಟ್ಟು ತೋರಿಸಬಹುದು. ನಿನ್ನೆಯ ಚರ್ಚೆಗೆ ಅಂಥ ಕಡತ ಯಾರ ಮನೆಯಲ್ಲಿದೆ? ಪ್ರಾಧಿಕಾರದ ನಿಯಮದಂತೆ ನೋಡಿದವನು ಏಳು ದಿನಗಳೊಳಗೆ ಮೊದಲು ವಾಹಿನಿಗೇ ದೂರು ಬರೆಯಬೇಕು. ಯಾವ ತಾರೀಖು, ಯಾವ ಹೊತ್ತು, ಯಾವ ಮಾತು ಎಂದು ಕಾಣಿಸಬೇಕು. ಇದನ್ನು ತಿಳಿದ ಮೇಲೆ ನನ್ನ ನೆರೆಯ ನಿವೃತ್ತ ಗುಮಾಸ್ತರೊಬ್ಬರು ಹಳೆಯ ಜಮಾಖರ್ಚಿನ ವಹಿಯೊಂದನ್ನು ಟಿ.ವಿ.ಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಎಡಕ್ಕೆ ಹೋದ ವಾರ ಅಂದದ್ದು, ಬಲಕ್ಕೆ ಈ ವಾರ ಅಂದದ್ದು. ಎರಡೂ ಕಡೆಯ ಮೊತ್ತ ಇನ್ನೂ ತಾಳೆಯಾಗಿಲ್ಲವಂತೆ.