ಗ್ಲಿಯೋಬ್ಲಾಸ್ಟೋಮಾ

ಗ್ರೀಕಿನಲ್ಲಿ ‘ಗ್ಲಿಯಾ’ ಎಂದರೆ ಅಂಟು. ನರಕೋಶಗಳ ನಡುವೆ ತುಂಬಿರುವ ಕೋಶಗಳನ್ನು ಬರೀ ಅಂಟೆಂದು ಬಗೆದು, ಜರ್ಮನಿಯ ರುಡಾಲ್ಫ್ ವಿರ್ಶೋ 1856ರಲ್ಲಿ ‘ನ್ಯೂರೋಗ್ಲಿಯಾ’ ಎಂದು ಕರೆದರು. ‘ಬ್ಲಾಸ್ಟೋಸ್’ ಎಂದರೆ ಮೊಳಕೆ, ‘ಓಮಾ’ ಎಂದರೆ ಗಡ್ಡೆ. ಮೂರೂ ಕೂಡಿ ಮಿದುಳಿನ ಅತಿ ಉಗ್ರ ಕ್ಯಾನ್ಸರಿನ ಹೆಸರಾಯಿತು.

ಮೊಳಕೆಯೆಂಬ ಮಾತು ಇಲ್ಲಿ ನೋವಾಗುವಷ್ಟು ನಿಜ. ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಆರು ವಾರ, 30 ಕಂತುಗಳಲ್ಲಿ 60 ಗ್ರೇ ವಿಕಿರಣ ಕೊಡುತ್ತಾರೆ. ಅದು ಕೋಶದ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಆದರೆ ಗಡ್ಡೆಯೊಳಗಿನ ಕಾಂಡಕೋಶಗಳಂಥ ಕೆಲವು ಕೋಶಗಳು ಕೂಡಲೇ ವಿಭಜನೆ ತಡೆದು, ಹರಿದ ಎಳೆಗಳನ್ನು ಹೊಲಿದುಕೊಂಡು, ಕಿತ್ತ ಗರಿಕೆಯ ಹಾಗೆ ಮತ್ತೆ ಚಿಗುರುತ್ತವೆ. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ತೋರಿಸಿಕೊಟ್ಟರು.

ಮಿದುಳಿನ ತಪಾಸಣೆಯ ವರದಿಯಲ್ಲಿ ‘ಜಿಬಿಎಂ’ ಎಂದಿದ್ದರೆ ಅದು ಈ ರೋಗವೇ. ಸಂಕೋಚಪಡದೆ ವೈದ್ಯರಿಂದ ಬಿಡಿಸಿ ಕೇಳಿ ತಿಳಿದುಕೊಳ್ಳಿ.