ಬಾವಿಯ ಎಂಜಿನ್, ಬೋಡಿ ರೈಲಿನ ಎಂಜಿನ್

ನಮ್ಮ ಚಿನ್ನಮನೂರಿನ ಕಡೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಆದರೆ ‘ವಾಲ್ವ್’ ಎಂಬ ಮಾತು ಎರಡು ಕಡೆಯೂ ಒಂದೇ. ಇಂದು ಆ ವಾಲ್ವಿನ ಚರಿತ್ರೆಯನ್ನು ಸ್ವಲ್ಪ ಕೇಳಿ.

ಕರೆಂಟ್ ಇಲ್ಲದ ತೋಟದ ಬಾವಿಗಳಲ್ಲಿ ಡೀಸೆಲ್ ಎಂಜಿನ್ ನೀರೆತ್ತುತ್ತಿದ್ದುದನ್ನು ನೀವು ಬಲ್ಲಿರಿ. 2010ರಲ್ಲಿ ಮೀಟರ್ ಗೇಜ್ ನಿಲ್ಲುವ ತನಕ ಮಧುರೆ–ಬೋಡಿ ರೈಲನ್ನು ವೈ.ಡಿ.ಎಂ.-4 ಎಳೆಯುತ್ತಿದ್ದುದನ್ನೂ ನೋಡಿದ್ದೀರಿ. ಎರಡೂ ನಾಲ್ಕು ಸ್ಟ್ರೋಕಿನ ಡೀಸೆಲ್ಲೇ. ಬಾವಿಯದು ತಾನೇ ಉಸಿರೆಳೆಯುವ ಎಂಜಿನ್. ರೈಲಿನದಕ್ಕೆ ಅದರ ಹೊಗೆಯಿಂದಲೇ ತಿರುಗುವ ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ.

ವ್ಯತ್ಯಾಸ ಇಷ್ಟಕ್ಕೇ ಮುಗಿಯಲಿಲ್ಲ. ಹೊಗೆಯ ವಾಲ್ವ್ ಮುಚ್ಚುವ ಮೊದಲೇ ಗಾಳಿಯ ವಾಲ್ವ್ ತೆರೆಯುತ್ತದೆ. ಎರಡೂ ಒಟ್ಟಿಗೆ ತೆರೆದಿರುವ ಹೊತ್ತಿಗೆ ‘ಓವರ್‌ಲ್ಯಾಪ್’ ಎನ್ನುತ್ತಾರೆ. ಬಾವಿಯ ಎಂಜಿನ್ನಿನಲ್ಲಿ ಇದು ಕ್ರ್ಯಾಂಕ್ ಕೆಲವೇ ಡಿಗ್ರಿ ತಿರುಗುವಷ್ಟು ಕಡಿಮೆ. ಹೆಚ್ಚಾದರೆ ಹಿಂದಿನಿಂದ ತಳ್ಳುವ ಗಾಳಿಯಿಲ್ಲದೆ ಹೊಗೆಯೇ ಒಳಬಾಗಿಲಿಗೆ ನುಗ್ಗೀತು. ರೈಲಿನ ಆಲ್ಕೊ ಎಂಜಿನ್ನಿನಲ್ಲಿ ಇದು 100 ಡಿಗ್ರಿಗೂ ಮಿಕ್ಕಿದ್ದು. ಒತ್ತಡದ ಗಾಳಿ ಮೂಲೆಯಲ್ಲಿ ಉಳಿದ ಹೊಗೆಯನ್ನು ಗುಡಿಸುತ್ತದೆ, ಕಾದ ವಾಲ್ವನ್ನೂ ಪಿಸ್ಟನ್ನನ್ನೂ ತಣಿಸುತ್ತದೆ. ಎಣ್ಣೆ ಆಮೇಲೆ ಬೀಳುವುದರಿಂದ ಪೋಲಾಗುವುದು ಬರೀ ಗಾಳಿ.

ಇದನ್ನು ಕಂಡುಕೊಂಡವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ. ಹೊಗೆಯ ಬಲದಿಂದ ಗಾಳಿ ತುಂಬುವ ಉಪಾಯಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರೂ, ಅದು ಚೆನ್ನಾಗಿ ಕೈಗೂಡಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1925ರಲ್ಲಿ ಅವನು ಹೊಗೆಯ ಕೊಳವೆಗಳನ್ನು ಬೇರ್ಪಡಿಸಿ, ಓವರ್‌ಲ್ಯಾಪನ್ನು ಉದ್ದ ಮಾಡಿದ. ಆ ಕಾಲದ ಎರಡು ಜರ್ಮನ್ ಹಡಗುಗಳಲ್ಲಿ 1,750 ಅಶ್ವಶಕ್ತಿಯ ಎಂಜಿನ್ 2,500 ಕೊಟ್ಟಿತು. ಗಾಳಿ ತುಂಬಿದರಷ್ಟೇ ಸಾಲದು, ಹಳೆಯದು ಹೊರಹೋಗಲು ಹೊತ್ತು ಕೊಡಬೇಕು ಎಂಬುದೇ ಅದರ ಗುಟ್ಟು.

ಬ್ಯಾಂಕಿನಲ್ಲಿ ಪಂಪ್‌ಸೆಟ್ ಸಾಲದ ಕಾಗದಗಳಲ್ಲಿ ನಾನು ಬರೆಯುತ್ತಿದ್ದುದು ಅಶ್ವಶಕ್ತಿಯ ಅಂಕಿ ಮಾತ್ರ. ಆ ಅಂಕಿಯ ಹಿಂದೆ ಕ್ಯಾಮಿನ ಆಕಾರವಿದೆ. ಹಳೆಯ ಎಂಜಿನ್ನಿಗೆ ಟರ್ಬೊ ಕೂರಿಸಿದರೆ ಸಾಕೆಂದು ಯಾರಾದರೂ ಹೇಳಿದರೆ, “ಕ್ಯಾಮ್ ಯಾವುದು, ಪಿಸ್ಟನ್ ತಲೆಯಲ್ಲಿ ವಾಲ್ವಿಗೆ ಜಾಗವಿದೆಯೇ?” ಎಂದು ಕೇಳಿ. ಜಾಗವಿಲ್ಲದೆ ರೈಲಿನಂಥ ಓವರ್‌ಲ್ಯಾಪ್ ಕೊಟ್ಟರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಆಗ ಹೋಗುವುದು ಎಂಜಿನ್, ಒಣಗುವುದು ಬೆಳೆ, ಉಳಿಯುವುದು ಸಾಲ.